ಕಿಲೋಮೀಟರಿಗೆ ರೋಸ್ಟರ್ ಇಲ್ಲ



ಉದ್ದದ ಬರಹ ಇದು. ಈಗ ಬಿಡುವಿಲ್ಲದಿದ್ದರೆ ರಾತ್ರಿ ಊಟ ಆದಮೇಲೆ ಓದಿ, ಆದರೆ ಪೂರ್ತಿ ಓದಿ.

ಎಲೆಕ್ಟ್ರಿಕ್ ಬಸ್ಸುಗಳ ಬಗ್ಗೆ ಪರಿಸರದವರು ಮಾತಾಡ್ತಾರೆ, ಕಂಪನಿಯವರು ಮಾತಾಡ್ತಾರೆ, ಮಂತ್ರಿಗಳು ಬಾವುಟ ತೋರಿಸೋ ದಿನ ಮಾತಾಡ್ತಾರೆ. ನಮ್ಮ ಸಂಘಟನೆಗಳ ಸಭೆಯಲ್ಲಿ ಮಾತ್ರ ಆ ಪದವೇ ಬರಲ್ಲ. ಅದು ಎಂಜಿನಿಯರುಗಳ ವಿಷಯ, ಹೊಗೆಯ ವಿಷಯ ಅಂತ ಬಿಟ್ಟಿದ್ದೀವಿ. ನನ್ನ ಪ್ರಕಾರ ಅದು ಮೀಸಲಾತಿಯ ವಿಷಯ. ಹೇಗೆ ಅಂತ ಹೇಳ್ತೀನಿ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಇ-ಬಸ್ ಬೇಡ ಅನ್ನೋ ವಾದ ನನ್ನದಲ್ಲ. ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು ಯಾರು, ಡೀಸೆಲ್ ಹೊಗೆ ಮೊದಲು ಯಾರ ಎದೆಗೆ ಹೋಗುತ್ತೆ ಅನ್ನೋದು ನಿಮಗೆ ನಾನು ಹೇಳಬೇಕಿಲ್ಲ. ಗಾಳಿ ಶುದ್ಧವಾದರೆ ಮೊದಲ ಲಾಭ ನಮ್ಮವರಿಗೇ. ಬಸ್ ಬರಲಿ. ಯಾವ ಕರಾರಿನ ಮೇಲೆ ಬರ್ತಿದೆ ಅನ್ನೋದನ್ನ ಓದಬೇಕು ಅಷ್ಟೆ. ನಾನು ಗುಮಾಸ್ತ, ಕರಾರು ಓದೋದು ನನ್ನ ಹೊಟ್ಟೆಪಾಡು.

2006ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂತು. ಅದರ ತಿರುಳು ಒಳ್ಳೇದೇ: ರಸ್ತೆ ಇರೋದು ಜನ ಸಾಗೋಕೆ, ವಾಹನ ಸಾಗೋಕಲ್ಲ. ಕಾರಿಗಿಂತ ಬಸ್ಸಿಗೆ, ನಡೆಯೋರಿಗೆ, ಸೈಕಲ್ಲಿಗೆ ಜಾಗ ಕೊಡಬೇಕು ಅಂತ ಅದರಲ್ಲಿದೆ. (ಅದೇ ನೀತಿ ಇರೋ ದೇಶದಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ ₹17,000 ಕೋಟಿಗೂ ಮೇಲೆ ಅಂದಾಜು ಹಾಕಿ ಕೂತಿದ್ದಾರೆ. ಆ ಕಥೆ ಇನ್ನೊಂದಿನ.) ಆಮೇಲೆ 2015ರಲ್ಲಿ ಫೇಮ್ ಯೋಜನೆ ಬಂತು, ಎಲೆಕ್ಟ್ರಿಕ್ ವಾಹನಕ್ಕೆ ಸಹಾಯಧನ ಕೊಡೋಕೆ. ಆ ಮೊದಲ ಹಂತದಲ್ಲಿ ಸಾರಿಗೆ ನಿಗಮ ಬಸ್ಸನ್ನು ತಾನೇ ಕೊಂಡುಕೊಳ್ಳಬಹುದಿತ್ತು. ಕೋಲ್ಕತಾದ ನಿಗಮ 80 ಬಸ್ ಹಾಗೇ ಕೊಂಡಿತು.

2019ರಲ್ಲಿ ಫೇಮ್-2 ಬಂದಾಗ ₹10,000 ಕೋಟಿ ಇಟ್ಟರು, ಜೊತೆಗೆ ಒಂದು ಷರತ್ತನ್ನೂ ಇಟ್ಟರು. ಬಸ್ಸಿನ ಸಹಾಯಧನ ಬೇಕಾ? ಹಾಗಾದರೆ ನೀವು ಬಸ್ ಕೊಳ್ಳಬೇಡಿ, ಖಾಸಗಿಯವರಿಂದ ಕಿಲೋಮೀಟರ್ ಲೆಕ್ಕದಲ್ಲಿ ಓಡಿಸಿಕೊಳ್ಳಿ. 2023ರ ಆಗಸ್ಟಿನಲ್ಲಿ ಪಿಎಂ ಇ-ಬಸ್ ಸೇವಾ ಬಂತು, 10,000 ಬಸ್, ₹57,613 ಕೋಟಿ ಅಂದಾಜು, ಅದರಲ್ಲಿ ಕೇಂದ್ರದ್ದು ₹20,000 ಕೋಟಿ. ಅದೂ ಸರ್ಕಾರಿ-ಖಾಸಗಿ ಸಹಭಾಗಿತ್ವ. 2024ರಲ್ಲಿ ಪಿಎಂ ಇ-ಡ್ರೈವ್, 14,028 ಬಸ್. ಅದರಲ್ಲಿ ಬೆಂಗಳೂರಿಗೇ 4,500 ಹಂಚಿಕೆ. ಅಲ್ಲೂ ಇದೇ ಪದ್ಧತಿ.

ಈ ಪದ್ಧತಿಗೆ ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್ ಅಂತಾರೆ, ಜಿಸಿಸಿ. ಬಸ್ ಕಂಪನಿಯದು, ಬ್ಯಾಟರಿ ಕಂಪನಿಯದು, ರಿಪೇರಿ ಕಂಪನಿಯದು, ಡ್ರೈವರ್ ಕಂಪನಿಯವನು. ಡಿಪೋ ಜಾಗ ನಿಗಮದ್ದು. ಕಂಡಕ್ಟರ್ ನಿಗಮದವರು, ಟಿಕೆಟ್ ದುಡ್ಡು ನಿಗಮಕ್ಕೆ. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮೊದಲೇ ಒಪ್ಪಿಕೊಂಡಿರ್ತಾರೆ, ಬಸ್ಸಲ್ಲಿ ಹತ್ತು ಜನ ಇರಲಿ, ಅರವತ್ತು ಜನ ಇರಲಿ, ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಗೆ ಕೊಡಬೇಕು. ಹತ್ತು-ಹನ್ನೆರಡು ವರ್ಷದ ಒಪ್ಪಂದ.

ಈಗ ನನ್ನ ಟೇಬಲ್ಲಿಗೆ ಬನ್ನಿ. ನಾನು ಕೆಲಸ ಮಾಡೋ ಅನುದಾನಿತ ಸಂಸ್ಥೆಯ ಕಚೇರಿಯಲ್ಲಿ ರೋಸ್ಟರ್ ವಹಿ ಬರೆಯೋನು ನಾನೇ. ದಪ್ಪ ರಟ್ಟಿನ ಪುಸ್ತಕ, ಗೆರೆ ಎಳೆದ ಹಾಳೆ. ನೂರು ಬಿಂದು. ಯಾವ ಬಿಂದು ಪರಿಶಿಷ್ಟ ಜಾತಿಗೆ, ಯಾವುದು ಪಂಗಡಕ್ಕೆ, ಯಾವುದು ಮಹಿಳೆಗೆ, ಯಾವುದು ಗ್ರಾಮೀಣಕ್ಕೆ. ಒಂದು ಹುದ್ದೆ ಖಾಲಿ ಆದರೆ ಆ ಬಿಂದುವಿಗೆ ಯಾರು ಬರಬೇಕು ಅಂತ ಪುಸ್ತಕ ಹೇಳುತ್ತೆ. ಭರ್ತಿ ಆಗದಿದ್ದರೆ ಬ್ಯಾಕ್‌ಲಾಗ್ ಅಂತ ನಿಲ್ಲುತ್ತೆ. ಆ ಬ್ಯಾಕ್‌ಲಾಗ್ ಹಿಡಿದುಕೊಂಡೇ ತಾನೆ ನಾವು ಇಷ್ಟು ವರ್ಷ ಧರಣಿ ಕೂತದ್ದು, ಮನವಿ ಕೊಟ್ಟದ್ದು?

ಇದೆಲ್ಲ ಶುರುವಾಗೋದು ಒಂದೇ ಕಡೆಯಿಂದ: ಮಂಜೂರಾದ ಹುದ್ದೆ. ಹುದ್ದೆ ಇದ್ದರೆ ರೋಸ್ಟರ್. ರೋಸ್ಟರ್ ಇದ್ದರೆ ಬ್ಯಾಕ್‌ಲಾಗ್. ಈಗ ಒಬ್ಬ ನಿಗಮದ ಡ್ರೈವರ್ ನಿವೃತ್ತಿ ಆದ ಅಂದುಕೊಳ್ಳಿ. ಅವನು ಓಡಿಸ್ತಿದ್ದ ಷೆಡ್ಯೂಲನ್ನ ಕಂಪನಿಯ ಇ-ಬಸ್ಸಿಗೆ ಕೊಟ್ಟರು. ಕೆಲಸ ಹೋಗಲಿಲ್ಲ, ಅದೇ ರಸ್ತೆ, ಅದೇ ಸ್ಟಾಪು, ಅದೇ ಜನ. ಹುದ್ದೆ ತುಂಬೋ ಅಗತ್ಯ ಮಾತ್ರ ಹೋಯ್ತು. ಹುದ್ದೆ ತುಂಬೋ ಅಗತ್ಯ ಇಲ್ಲ ಅಂದಮೇಲೆ ಯಾವ ಬಿಂದು, ಯಾರ ಬಿಂದು? ಯಾವ ಆಯೋಗದ ಮುಂದೆ ಯಾವ ಅರ್ಜಿ ಹಾಕ್ತೀರಿ? ಮೀಸಲಾತಿ ರದ್ದು ಅಂತ ಯಾರೂ ಎಲ್ಲೂ ಬರೆದಿಲ್ಲ. ಬರೆಯೋ ಅಗತ್ಯವೇ ಬರಲಿಲ್ಲ.

ಒಬ್ಬ ವಕೀಲ ಮಿತ್ರರು ಕೇಳಿದರು, 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆ ನೇಮಕಾತಿಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಸುತ್ತೋಲೆ ಹೊರಡಿಸಿದೆಯಲ್ಲ, ಅದು ಇಲ್ಲಿ ಬರಲ್ವಾ ಅಂತ. ಒಳ್ಳೇ ಪ್ರಶ್ನೆ. ಆ ಸುತ್ತೋಲೆ ನಮ್ಮ ಹೋರಾಟದ ಗೆಲುವೇ. ಆದರೆ ಅದನ್ನ ಸರಿಯಾಗಿ ಓದಿ. ಅದು ಹೇಳೋದು ಏಜೆನ್ಸಿ ಮೂಲಕ ಇಲಾಖೆ ಜನರನ್ನ ತೆಗೆದುಕೊಂಡಾಗ. ಇಪ್ಪತ್ತು ಜನ ಡೇಟಾ ಎಂಟ್ರಿಯವರು ಬೇಕು ಅಂತ ಏಜೆನ್ಸಿಗೆ ಬರೆದರೆ ಆ ಇಪ್ಪತ್ತರಲ್ಲಿ ನಮ್ಮ ಪಾಲು ಎಷ್ಟು ಅಂತ ಲೆಕ್ಕ ಹಾಕಬಹುದು. ಇ-ಬಸ್ ಒಪ್ಪಂದದಲ್ಲಿ ನಿಗಮ ಜನರನ್ನ ತಗೊಳ್ತಾ ಇಲ್ಲ. ಕಿಲೋಮೀಟರ್ ಕೊಂಡುಕೊಳ್ತಾ ಇದೆ. ಇನ್ವಾಯ್ಸ್‌ನಲ್ಲಿ ಡ್ರೈವರ್ ಅನ್ನೋ ಮನುಷ್ಯನೇ ಇಲ್ಲ, ಓಡಿದ ದೂರ ಇದೆ. ದೂರಕ್ಕೆ ಜಾತಿ ಪ್ರಮಾಣಪತ್ರ ಎಲ್ಲಿಂದ ತರ್ತೀರಿ?

ಎಷ್ಟು ಕೆಲಸದ ಪ್ರಶ್ನೆ ಇದು? ಪಿಎಂ ಇ-ಬಸ್ ಸೇವಾ ಘೋಷಣೆ ಮಾಡಿದಾಗ ಕೇಂದ್ರವೇ ಹೇಳಿದ್ದು, 45,000ದಿಂದ 55,000 ನೇರ ಉದ್ಯೋಗ ಬರುತ್ತೆ ಅಂತ. ಕಡಿಮೆ ಅಂಕಿಯನ್ನೇ ಹಿಡಿಯಿರಿ. ಕೇಂದ್ರದ ಪ್ರಮಾಣ 15% ಮತ್ತು 7.5%. 45,000ಕ್ಕೆ ಪರಿಶಿಷ್ಟ ಜಾತಿಗೆ 6,750, ಪಂಗಡಕ್ಕೆ 3,375. ಬೆಂಗಳೂರಿನ 4,500 ಬಸ್ಸಿನ ಲೆಕ್ಕ ನಾನೇ ಹಾಕ್ತೀನಿ: ಎರಡು ಪಾಳಿಗೆ ಬಸ್ಸಿಗೆ ಇಬ್ಬರೇ ಡ್ರೈವರ್ ಅಂದರೂ (ವಾರದ ರಜೆಗೆ ಬದಲಿ ಡ್ರೈವರ್ ಲೆಕ್ಕ ಬಿಟ್ಟಿದ್ದೀನಿ) 9,000 ಜನ. ರಾಜ್ಯದ 17% ಮತ್ತು 7% ಹಾಕಿ. 1,530 ಮತ್ತು 630. ಇದರಲ್ಲಿ ಮೆಕ್ಯಾನಿಕ್ ಇಲ್ಲ, ಎಲೆಕ್ಟ್ರಿಷಿಯನ್ ಇಲ್ಲ. ನಮ್ಮ ಹುಡುಗರು ಐಟಿಐ ಫಿಟ್ಟರ್, ಐಟಿಐ ಎಲೆಕ್ಟ್ರಿಷಿಯನ್ ಮಾಡಿ ಡಿಪೋ ಕೆಲಸಕ್ಕೆ ಕಾಯ್ತಾ ಇರ್ತಾರಲ್ಲ, ಅವರ ಲೆಕ್ಕ ಬೇರೆ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಗ್ಯಾರಂಟಿಗಳಿಗೆ ಹೋದಾಗ ನಾವು ಬೀದಿಗೆ ಬಂದೆವು. ಬಂದದ್ದು ಸರಿ. ಆ ದುಡ್ಡು ಹೋದದ್ದು ಬಜೆಟ್ ಪುಸ್ತಕದಲ್ಲಿ ಅಂಕಿಯಾಗಿ ಕಾಣುತ್ತೆ, ಬೆರಳಿಟ್ಟು ತೋರಿಸಬಹುದು. ಈ ಕೆಲಸಗಳು ಹೋಗ್ತಿರೋದು ಯಾವ ಪುಸ್ತಕದಲ್ಲೂ ಕಾಣಲ್ಲ.

ಡ್ರೈವರ್ ಕೆಲಸ ಅಂದರೆ ಏನು ಮಹಾ, ಇನ್ನೂ ನಾವು ಸ್ಟೀರಿಂಗ್ ಹಿಡಿಯೋ ಕೆಲಸಕ್ಕೇ ಬಡಿದಾಡಬೇಕಾ, ಐಎಎಸ್ ಬಗ್ಗೆ ಮಾತಾಡಿ ಅನ್ನೋ ಮಿತ್ರರು ಇದ್ದಾರೆ. ಅವರಿಗೆ ಎರಡು ವಿಷಯ.

ಒಂದು, ಬಾಬಾಸಾಹೇಬರ ಬದುಕಿನದು. 1901ರಲ್ಲಿ ಅವರು ಚಿಕ್ಕ ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆ ಇದ್ದ ಊರಿಗೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಕರೆದೊಯ್ಯೋಕೆ ಯಾರೂ ಬಂದಿರಲಿಲ್ಲ. ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ, ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ ಅನ್ನೋ ಕರಾರಿನ ಮೇಲೆ. 1929ರಲ್ಲಿ ಅವರು ಬ್ಯಾರಿಸ್ಟರ್, ಚಾಳೀಸಗಾಂವ್‌ನಲ್ಲಿ ಇಳಿದಾಗ ಟಾಂಗಾದವರು ಮಹಾರನನ್ನು ಕೂರಿಸಿಕೊಂಡು ಹೊಡೆಯೋಕೆ ಒಪ್ಪಲಿಲ್ಲ. ಟಾಂಗಾ ಹೊಡೆದೇ ಗೊತ್ತಿಲ್ಲದ ಕೇರಿಯವರೊಬ್ಬರು ಲಗಾಮು ಹಿಡಿದರು, ಗಾಡಿ ಅಪಘಾತಕ್ಕೆ ಸಿಕ್ಕಿತು, ಬಾಬಾಸಾಹೇಬರ ಕಾಲು ಮುರಿಯಿತು. ಸಾರಿಗೆ ಯಾರ ಕೈಲಿದೆ, ಲಗಾಮು ಯಾರ ಕೈಲಿದೆ ಅನ್ನೋದು ನಮ್ಮ ಚರಿತ್ರೆಯಲ್ಲಿ ಸಣ್ಣ ಪ್ರಶ್ನೆ ಅಲ್ಲ.

ಎರಡು, ನಮ್ಮ ಮನೆಯದು. ನಮ್ಮ ಕೇರಿಯಲ್ಲಿ ಮೊದಲ ಸರ್ಕಾರಿ ಸಂಬಳ ತಂದವರು ನನ್ನ ದೊಡ್ಡಪ್ಪ, ಬಸ್ ಡ್ರೈವರ್. ಊರ ಹೋಟೆಲಿನಲ್ಲಿ ನಮಗೆ ಗ್ಲಾಸು ಬೇರೆ ಇದ್ದ ಕಾಲ. ದೊಡ್ಡಪ್ಪ ಖಾಕಿ ಹಾಕಿ ಊರ ರೂಟಿಗೆ ಬಸ್ ತಂದ ಮೇಲೆ, ಸಂತೆ ದಿನ ಬಸ್ ನಿಲ್ಲಿಸಿಕೊಳ್ಳಬೇಕಲ್ಲ, ಅದೇ ಜನ "ಡ್ರೈವರಪ್ಪ" ಅಂತ ಕರೆದರು. ಜಾತಿ ಹೋಯ್ತು ಅಂತ ನಾನು ಹೇಳ್ತಿಲ್ಲ, ಗ್ಲಾಸು ಎಷ್ಟೋ ವರ್ಷ ಹಾಗೇ ಇತ್ತು. ಆದರೆ ಆ ಸಂಬಳದಲ್ಲಿ ಮೂರು ಮಕ್ಕಳು ಓದಿದರು, ನನ್ನ ಬಿ.ಎ. ಫೀಸೂ ಅದರಲ್ಲೇ ಹೋಯ್ತು. ದೊಡ್ಡಪ್ಪ ಸರ್ವೀಸಲ್ಲಿದ್ದಾಗಲೇ ತೀರಿಕೊಂಡರು, ಅವರ ಮಗನಿಗೆ ಅನುಕಂಪದ ಮೇಲೆ ಕೆಲಸ ಸಿಕ್ತು. ಒಂದು ಸ್ಟೀರಿಂಗಿನಿಂದ ಎರಡು ತಲೆಮಾರು ನಿಂತವು.

ಈಗ ನನ್ನ ಅಣ್ಣನ ಮಗ ಇ-ಬಸ್ ಓಡಿಸ್ತಾನೆ. ಹೆವಿ ಲೈಸೆನ್ಸ್, ಬ್ಯಾಡ್ಜ್ ಎಲ್ಲ ಇದೆ. ಯಾವ ಊರು, ಯಾವ ಕಂಪನಿ ಅಂತ ಬರೆಯಲ್ಲ, ಅವನ ಅನ್ನದ ಪ್ರಶ್ನೆ. "ಚಿಕ್ಕಪ್ಪ, ಬಸ್ ಮೇಲೆ ಸರ್ಕಾರದ ಹೆಸರಿದೆ, ನನ್ನ ಐಡಿ ಕಾರ್ಡ್ ಮೇಲೆ ಇಲ್ಲ" ಅಂದ. ಒಂದು ದಿನ ಬಿಟ್ಟರೆ ಸಂಬಳ ಕಟ್. ಸಂಬಳ ತಡ ಆದರೆ ಡಿಪೋದಲ್ಲಿ ಕೇಳಿದರೆ ಕಂಪನಿ ಕಡೆ ಕೈ ತೋರಿಸ್ತಾರೆ, ಕಂಪನಿಯಲ್ಲಿ ಕೇಳಿದರೆ ನಿಗಮದಿಂದ ಬಿಲ್ ಬಂದಿಲ್ಲ ಅಂತಾರೆ. ಬೆಂಗಳೂರಿನಲ್ಲಿ ಇ-ಬಸ್ ಚಾಲಕರು ಸಂಬಳದ ವಿಚಾರಕ್ಕೆ ಬಸ್ ನಿಲ್ಲಿಸಿದ ಸುದ್ದಿ ನೀವೂ ಓದಿರ್ತೀರಿ. ಪೇಪರಿನಲ್ಲಿ ಬಂದದ್ದು ಪ್ರಯಾಣಿಕರಿಗೆ ಆದ ತೊಂದರೆಯೇ ಹೆಚ್ಚು.

ಬಿಲ್ ಬಂದಿಲ್ಲ ಅನ್ನೋ ಮಾತಿಗೆ ಬಂದರೆ, ಅದಕ್ಕೆ ದಿಲ್ಲಿಯವರು ಎಷ್ಟು ಮುತುವರ್ಜಿ ವಹಿಸಿದ್ದಾರೆ ನೋಡಿ. 2024ರ ಸೆಪ್ಟೆಂಬರಿನಲ್ಲಿ ಪಾವತಿ ಭದ್ರತಾ ವ್ಯವಸ್ಥೆ ಅಂತ ₹3,435 ಕೋಟಿಯ ಯೋಜನೆ ಒಪ್ಪಿದರು, 38,000ಕ್ಕೂ ಹೆಚ್ಚು ಇ-ಬಸ್ಸುಗಳಿಗೆ. ನಿಗಮ ಕಂಪನಿಗೆ ದುಡ್ಡು ಕೊಡೋದು ತಪ್ಪಿಸಿದರೆ ಆ ನಿಧಿಯಿಂದ ಕಂಪನಿಗೆ ಕೊಡ್ತಾರೆ, ಆಮೇಲೆ ರಾಜ್ಯದಿಂದ ವಸೂಲಿ. ವಸೂಲಿಗೆ ರಿಸರ್ವ್ ಬ್ಯಾಂಕಿನ ಮೂಲಕ ರಾಜ್ಯದ ಖಾತೆಯಿಂದ ನೇರ ಕಡಿತ ಮಾಡೋ ಅಧಿಕಾರಪತ್ರ. ಅಂದರೆ ಕಂಪನಿಗೆ ಒಂದು ತಿಂಗಳ ಬಿಲ್ ನಿಂತರೂ ದೇಶದ ದೊಡ್ಡ ಬ್ಯಾಂಕೇ ಎದ್ದು ಬರುತ್ತೆ. ಬ್ಯಾಂಕುಗಳು ಸಾಲ ಕೊಡಬೇಕಾದರೆ ಇಂಥ ಭದ್ರತೆ ಬೇಕು, ವ್ಯಾಪಾರದ ನ್ಯಾಯ ಅದು, ನಾನು ತಕರಾರು ಮಾಡಲ್ಲ. ನನ್ನ ಅಣ್ಣನ ಮಗನ ಸಂಬಳ ನಿಂತರೆ ಯಾವ ಖಾತೆಯಿಂದ ಕಡಿತ ಆಗುತ್ತೆ ಅನ್ನೋದಕ್ಕೂ ಅದೇ ರೀತಿ ಒಂದು ಪುಟ ಬರೆಯಬಹುದಿತ್ತಲ್ಲ ಅಂತ ಮಾತ್ರ.

ಇನ್ನು ವ್ಯಾಪಾರ. ನಮ್ಮವರೂ ಉದ್ಯಮಿಗಳಾಗಬೇಕು ಅಂತ ಭಾಷಣ ಕೇಳ್ತಾ ಇರ್ತೀವಿ. ಕರ್ನಾಟಕದಲ್ಲಿ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು ಕಾಮಗಾರಿ ಗುತ್ತಿಗೆಯಲ್ಲಿ ಪರಿಶಿಷ್ಟರಿಗೆ 17.15% ಮತ್ತು 6.95% ಮೀಸಲು ಮಾಡಿದರು, ಮೊದಲು ₹50 ಲಕ್ಷದವರೆಗಿನ ಕಾಮಗಾರಿಗೆ, ಆಮೇಲೆ ₹1 ಕೋಟಿವರೆಗೆ. ಚರಂಡಿ, ಸಿಸಿ ರಸ್ತೆ, ಶಾಲೆ ಕಾಂಪೌಂಡು ಮಾಡಿ ನಮ್ಮ ಕೆಲವು ಹುಡುಗರು ಮೇಲೆ ಬಂದಿದ್ದಾರೆ. ಆದರೆ ಹಸಿರು ಸಾರಿಗೆಯ ಟೆಂಡರ್ ಯಾವ ಗಾತ್ರದ್ದು? 2022ರಲ್ಲಿ ಬೆಂಗಳೂರು, ದೆಹಲಿ, ಹೈದರಾಬಾದ್, ಸೂರತ್, ಕೋಲ್ಕತಾ ಐದೂ ಸೇರಿಸಿ 5,450 ಬಸ್ಸಿಗೆ ಒಂದೇ ಟೆಂಡರ್ ಕರೆದರು. ಬೆಂಗಳೂರಿನ 921 ಬಸ್ ಅದರಿಂದಲೇ ಬಂದದ್ದು. ಒಟ್ಟು ಸೇರಿಸಿದ್ದಕ್ಕೆ ದರ ಇಳಿಯಿತು, ಸುಳ್ಳಲ್ಲ. ಅಷ್ಟು ದೊಡ್ಡ ಟೆಂಡರಿಗೆ ಅರ್ಜಿ ಹಾಕೋಕೆ ಬೇಕಾದ ಬಂಡವಾಳ ದೇಶದಲ್ಲಿ ಬೆರಳೆಣಿಕೆಯಷ್ಟು ಮನೆಗಳ ಹತ್ತಿರ ಮಾತ್ರ ಇದೆ ಅನ್ನೋದೂ ಸುಳ್ಳಲ್ಲ. ಒಂದು ಕೋಟಿಯ ಮೀಸಲಾತಿ ಇಟ್ಟುಕೊಂಡು ನಾವು ಆ ಬಾಗಿಲ ಹತ್ತಿರವೂ ಹೋಗೋಕಾಗಲ್ಲ. ಡಿಪೋದ ಶೆಡ್, ಚಾರ್ಜಿಂಗ್ ಜಾಗದ ಸಿವಿಲ್ ಕೆಲಸ, ಬಸ್ ತೊಳೆಯೋದು, ಕ್ಯಾಂಟೀನ್, ಇವನ್ನಾದರೂ ಬಿಡಿಸಿ ಬೇರೆ ಬೇರೆ ಗುತ್ತಿಗೆ ಮಾಡಿ ಅಂತ ನಾವು ಕೇಳಿದ್ದೀವಾ? ಬಸ್ ತೊಳೆಯೋ ಕೆಲಸ ಮಾತ್ರ ಹೇಗೋ ನಮ್ಮವರಿಗೇ ಬರುತ್ತೆ, ಅದೂ ದಿನಗೂಲಿಗೆ.

ಮೆಟ್ರೋದ್ದೂ ಹೆಚ್ಚೂಕಡಿಮೆ ಇದೇ ದಾರಿ. 2017ರ ಮೆಟ್ರೋ ನೀತಿ ಕೇಂದ್ರದ ನೆರವು ಬೇಕಾದರೆ ಯಾವುದಾದರೂ ಭಾಗದಲ್ಲಿ ಖಾಸಗಿ ಇರಲೇಬೇಕು ಅಂತು. ನಿಲ್ದಾಣ ಗುಡಿಸೋರು, ಬಾಗಿಲಲ್ಲಿ ಬ್ಯಾಗ್ ತಪಾಸಣೆ ಮಾಡೋ ಗಾರ್ಡುಗಳು ಗುತ್ತಿಗೆಯವರು. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ ₹60ರಿಂದ ₹90 ಆಯ್ತು. ಗುಡಿಸೋಳು ಆ ರೈಲು ಹತ್ತಿ ಮನೆಗೆ ಹೋಗ್ತಾಳಾ, ಅಥವಾ ಶಕ್ತಿ ಯೋಜನೆಯ ಟಿಕೆಟಿನಲ್ಲಿ ಬಸ್ ಹತ್ತುತ್ತಾಳಾ, ಒಂದು ದಿನ ಸಂಜೆ ನಿಂತು ನೋಡಿ.

ನಿಗಮಗಳು ನಷ್ಟದಲ್ಲಿವೆ, ಇ-ಬಸ್ ಒಂದಕ್ಕೆ ಕೋಟಿ ಮೇಲೆ ಬೆಲೆ, ಬ್ಯಾಟರಿ ಕೆಟ್ಟರೆ ಯಾರು ಹೊಣೆ, ಹಾಗಾಗಿ ಖಾಸಗಿಯವರ ತಲೆಗೆ ಆ ಅಪಾಯ ಕಟ್ಟಿದ್ದು ಜಾಣತನ ಅಂತ ಅಧಿಕಾರಿಗಳು ಹೇಳ್ತಾರೆ. ಬ್ಯಾಟರಿ ವಿಚಾರದಲ್ಲಿ ನಾನು ಒಪ್ತೀನಿ. ಹೊಸ ತಂತ್ರಜ್ಞಾನ, ತಯಾರಿಸಿದವನೇ ಹನ್ನೆರಡು ವರ್ಷ ನೋಡಿಕೊಳ್ಳಲಿ. ಆದರೆ ಡ್ರೈವರ್ ಯಾವಾಗ ಬ್ಯಾಟರಿಯ ಭಾಗ ಆದ? ಬಸ್ ಓಡಿಸೋದು ಹೊಸ ತಂತ್ರಜ್ಞಾನ ಅಲ್ಲ, ನಿಗಮಗಳಿಗೆ ಅದು ಮೊದಲಿನಿಂದ ಗೊತ್ತಿರೋ ಕೆಲಸ. ಬಸ್, ಬ್ಯಾಟರಿ, ರಿಪೇರಿ ಕಂಪನಿಯದು, ಡ್ರೈವರ್ ನಿಗಮದವರು ಅಂತ ಒಪ್ಪಂದ ಬರೆಯೋಕೆ ಯಾವ ಕಾನೂನು ಅಡ್ಡ ಬರುತ್ತೆ? ಕಂಡಕ್ಟರ್ ನಿಗಮದವರೇ ಇದ್ದಾರಲ್ಲ. ಟಿಕೆಟ್ ದುಡ್ಡು ಕೈಗೆ ಬರೋ ಜಾಗದಲ್ಲಿ ನಿಗಮಕ್ಕೆ ತನ್ನವರೇ ಬೇಕು, ಎಂಟು ಗಂಟೆ ಸ್ಟೀರಿಂಗ್ ಹಿಡಿಯೋ ಜಾಗದಲ್ಲಿ ಬೇಡ. ಜಿಸಿಸಿ ಅಗ್ಗ ಅನ್ನೋದರಲ್ಲಿ ಡೀಸೆಲ್ ಉಳಿತಾಯ ಎಷ್ಟು, ಡ್ರೈವರ್ ಸಂಬಳದಲ್ಲಿ ಉಳಿಸಿದ್ದೆಷ್ಟು ಅಂತ ಬಿಡಿಸಿ ತೋರಿಸಲಿ.

ಇನ್ನೊಂದು ವಾದ, ಖಾಸಗಿ ಕಂಪನಿಯಲ್ಲೂ ನಮ್ಮ ಹುಡುಗರು ಸೇರಿದ್ದಾರಲ್ಲ, ಜಾತಿ ಕೇಳದೆ ತಗೊಂಡಿದ್ದಾರಲ್ಲ ಅಂತ. ಸೇರಿದ್ದಾರೆ, ನನ್ನ ಮನೆಯಲ್ಲೇ ಇದ್ದಾನೆ. ಕಡಿಮೆ ಸಂಬಳ, ಕಾಯಂ ಅಲ್ಲದ ಕೆಲಸಕ್ಕೆ ನಮ್ಮವರನ್ನ ಜಾತಿ ಕೇಳದೆ ತಗೊಳ್ಳೋದು ಯಾವ ಕಾಲದಲ್ಲಿ ಕಷ್ಟ ಆಗಿತ್ತು? ಮೀಸಲಾತಿ ಇದ್ದದ್ದು ಒಳ್ಳೇ ಕೆಲಸಕ್ಕೆ ಬಾಗಿಲು ತೆಗೆಸೋಕೆ.

2025ರ ಆಗಸ್ಟಿನಲ್ಲಿ ಸಂಪುಟ 6-6-5 ತೀರ್ಮಾನ ಮಾಡಿದ ಮೇಲೆ ನಮ್ಮ ನಮ್ಮಲ್ಲೇ ಎಷ್ಟು ಮಾತು ಬಂತು ಹೋಯ್ತು ಅಂತ ಎಲ್ಲರಿಗೂ ಗೊತ್ತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಮೂವತ್ತು ವರ್ಷದ ಹೋರಾಟ, ಅದನ್ನ ನಾನು ಹಗುರ ಮಾಡಲ್ಲ. ಎಡ-ಬಲ-ಅಲೆಮಾರಿ ಎಲ್ಲರೂ ಒಟ್ಟಿಗೆ ಕೂತು ಒಂದು ಸಲ ನೋಡಬೇಕಾದದ್ದು, ನಾವು ಪಾಲು ಹಾಕ್ತಿರೋ ಪಾತ್ರೆಯ ತಳದಲ್ಲಿ ಎಷ್ಟು ಉಳಿದಿದೆ ಅಂತ.

ಹಾಗಾಗಿ ಕೆಲಸಕ್ಕೆ ಬರ್ತೀನಿ. ಪಿಎಂ ಇ-ಬಸ್ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಂಥ ಊರುಗಳಿಗೂ ಮಂಜೂರಾಗಿದೆ. ಪ್ರತಿ ಊರಿನ ಮಿತ್ರರು ತಮ್ಮ ತಮ್ಮ ನಿಗಮದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ವಿಷಯದ ಸಾಲಿನಲ್ಲಿ "ಇ-ಬಸ್ ಒಪ್ಪಂದ ಮತ್ತು ಚಾಲಕ ಹುದ್ದೆಗಳು" ಅಂತ ಬರೆಯಿರಿ. ಕೇಳಬೇಕಾದದ್ದು: ಮಂಜೂರಾದ ಚಾಲಕ ಹಾಗೂ ತಾಂತ್ರಿಕ ಹುದ್ದೆ ಎಷ್ಟು, ಖಾಲಿ ಎಷ್ಟು, ಖಾಲಿಯಲ್ಲಿ ಪರಿಶಿಷ್ಟರ ಬಿಂದು ಎಷ್ಟು. ಜಿಸಿಸಿ ಬಸ್ಸಿಗೆ ಕೊಟ್ಟ ಷೆಡ್ಯೂಲ್ ಎಷ್ಟು. ಒಪ್ಪಂದದ ಪ್ರತಿಯಲ್ಲಿ ಚಾಲಕರ ವೇತನ, ಕೆಲಸದ ಅವಧಿ, ಮೀಸಲಾತಿ ಬಗ್ಗೆ ಇರೋ ಷರತ್ತುಗಳ ನಕಲು. "ಏಕೆ" ಅಂತ ಕೇಳಬೇಡಿ, ಏಕೆ ಅಂದರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸ್ತಾರೆ. "ಎಷ್ಟು" ಅಂತಲೇ ಕೇಳಿ. ವಾಣಿಜ್ಯ ಗುಟ್ಟು ಅಂತ ಒಪ್ಪಂದದ ನಕಲು ನಿರಾಕರಿಸಬಹುದು, ನಿರಾಕರಣೆ ಕೈಗೆ ಬಂದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಅದರ ಮಾದರಿ ನನ್ನ ಹತ್ತಿರ ಇದೆ.

ಉತ್ತರ ಬಂದವರು ಫೋಟೋ ತೆಗೆದು ನನಗೆ ಕಳಿಸಿ. ಊರುವಾರು ಪಟ್ಟಿ ಮಾಡಿ ಇಲ್ಲೇ ಹಾಕ್ತೀನಿ.

ಜೈ ಭೀಮ್.